ಖಾಲಿ ಸೀಟಿನ ಮರ್ಯಾದೆ

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗದ್ದು. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ತಡವಾದರೆ ಪ್ಲಾಟ್‌ಫಾರಂ ಉದ್ದಕ್ಕೂ ಓಡಾಡುತ್ತ, ಯಾರು ರೈಲಿನ ಆಸೆ ಬಿಟ್ಟು ಬಸ್ಸಿಗೆ ಹೊರಟರು, ಯಾಕೆ ಹೊರಟರು ಎಂದು ನೋಡುತ್ತಿರುತ್ತೇನೆ. ಸಾರಿಗೆ ಎಂಜಿನಿಯರಿಂಗ್ ಓದಿದ್ದರ ಫಲ. ಜನ ಟಿಕೆಟ್ಟಿನ ದುಡ್ಡು, ಕಾಯುವ ಹೊತ್ತು, ನಡೆಯುವ ದೂರ ಎಲ್ಲವನ್ನೂ ತೂಗಿ ವಾಹನ ಆರಿಸಿಕೊಳ್ಳುತ್ತಾರೆ ಎಂದು ನಮಗೆ ಕಲಿಸಿದ್ದರು. ಮರ್ಯಾದೆಯನ್ನೂ ತೂಗುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಡಿಪ್ಲೊಮಾ ಮುಗಿದ ಮೇಲೆ ಬಸ್ ಸಮೀಕ್ಷೆ ಮಾಡುವ ಕಚೇರಿಯೊಂದಕ್ಕೆ ಸೇರಿದೆ. ಯಾವ ಟ್ರಿಪ್ಪಿಗೆ ಎಷ್ಟು ಜನ ಹತ್ತುತ್ತಾರೆ ಎಂದು ಎಣಿಸುವ ಕೆಲಸ. ಒಂದು ಟ್ರಿಪ್ಪಿಗೆ ಒಂದೇ ದಿನದ ಎಣಿಕೆ; ಅಂದು ಜನವಿಲ್ಲದಿದ್ದರೆ ಟ್ರಿಪ್ಪು ರದ್ದಾಗುತ್ತಿತ್ತು. ಗೆಂಡೆಹಳ್ಳಿ ಕಡೆಯಿಂದ ಬೇಲೂರಿಗೆ ಬರುವ ಬೆಳಗಿನ ಬಸ್ಸು ನನ್ನ ಪಾಲಿಗೆ ಬಂತು. ಅದು ನನ್ನ ಸೋದರತ್ತೆಯ ಊರಿನ ಬಸ್ಸು. ಅತ್ತೆ ಬೇಲೂರಿನಲ್ಲಿ ಪುಟ್ಟ ಅಂಗಡಿ ಹಿಡಿದು ಬಟ್ಟೆ ಹೊಲಿಯುತ್ತಿದ್ದರು. ಮಂಡಿ ನೋವಿನವರು. ಶೇರ್ ಆಟೋದಲ್ಲಿ ಕಾಲು ಮಡಚಿ ಕೂತರೆ ಇಳಿಸಲು ಇಬ್ಬರು ಬೇಕು. ಆ ಬಸ್ಸಿದ್ದರೆ ಅಂಗಡಿ, ಇಲ್ಲದಿದ್ದರೆ ಇಲ್ಲ.

ನನಗೇನೂ ಭಯವಿರಲಿಲ್ಲ. ಹೆಂಗಸರಿಗೆ ಫ್ರೀ ಆದಮೇಲಂತೂ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಣಿಸಲು ಬರುತ್ತಿದ್ದೇನೆ ಎಂದು ಅತ್ತೆಗೆ ಫೋನ್ ಮಾಡಿ ಜಂಬದಿಂದ ಹೇಳಿದ್ದೆ.

ಎಣಿಸುವ ದಿನ ಬೆಳಿಗ್ಗೆ ಬೇಲೂರಿನಿಂದ ಅದೇ ಬಸ್ಸಿನಲ್ಲಿ ಹೋದೆ. ಅತ್ತೆಯ ಊರಿನಲ್ಲಿ ಬಸ್ಸು ತಿರುಗಿ ನಿಂತಿತು. ಕೋಲೂರಿಕೊಂಡು ಬಂದ ಒಬ್ಬ ಅಜ್ಜ ಬಿಟ್ಟರೆ ಯಾರೂ ಹತ್ತಲಿಲ್ಲ, ಅತ್ತೆಯೂ ಕಾಣಲಿಲ್ಲ. ಮುಂದಿನ ಊರಿನಲ್ಲಿ ಹೆಂಗಸರ ಗುಂಪೇ ನಿಂತಿತ್ತು. ಎಲ್ಲರೂ ನನ್ನನ್ನು ನೋಡಿ ನಕ್ಕರು, ಕೈ ಬೀಸಿದರು, ಹತ್ತಲಿಲ್ಲ. ನಾನು ಬಾಗಿಲಿಗೆ ಬಂದು ಕರೆದೆ. ಹೋಗು ಹೋಗು ಎಂದು ಕೈಸನ್ನೆ ಮಾಡಿದರು. ಕಂಡಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎದ್ದೆ, ಕೂತೆ, ಮತ್ತೆ ಎದ್ದೆ. ಕಂಡದ್ದನ್ನು ಬರೆಯದೆ ಬೇರೆ ದಾರಿ ಇರಲಿಲ್ಲ.

ಬೇಲೂರು ಬಸ್‌ಸ್ಟ್ಯಾಂಡಿನ ಎದುರು ಒಂದರ ಹಿಂದೆ ಒಂದು ಶೇರ್ ಆಟೋ ಬಂದು ನಿಂತವು. ಕೈ ಬೀಸಿದ ಹೆಂಗಸರೆಲ್ಲ ಅವುಗಳಿಂದ ಇಳಿದರು. ಕೊನೆಗೆ, ಇಬ್ಬರ ಹೆಗಲು ಹಿಡಿದುಕೊಂಡು ನಮ್ಮತ್ತೆ.

"ಆರಾಮಾಗಿ ಕೂತ್ಕಂಡು ಬಂದ್ಯಾ?" ಎಂದರು. "ನೂಕಾಟದಲ್ಲಿ ನೀನು ಹೆಂಗೆ ಬರೀತೀಯಾ ಅಂತ, ಇವತ್ತೊಂದಿನ ಯಾರೂ ಹತ್ತಬ್ಯಾಡಿ ಅಂತ ಪಕ್ಕದೂರೋರಿಗೂ ಹೇಳಿದ್ದೆ ಕಣೇ."

ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತಿದವರಷ್ಟೇ ಲೆಕ್ಕ, ಹತ್ತದಿದ್ದರೆ ಬಸ್ಸೇ ಬೇಡ ಎಂದು ಅರ್ಥ ಎಂದು ನಡುರಸ್ತೆಯಲ್ಲಿ ಕೂಗಾಡಿದೆ. ಅತ್ತೆ ಮಂಡಿ ನೀವಿಕೊಳ್ಳುತ್ತ ಕೇಳಿಸಿಕೊಂಡರು. ಹಾಗಾದರೆ ನಾಳೆ ಎಲ್ಲರೂ ಬರುತ್ತೇವೆ, ಇನ್ನೊಂದು ಸಲ ಎಣಿಸು ಎಂದರು.

ಇನ್ನೊಂದು ಸಲಕ್ಕೆ ಕಚೇರಿ ಒಪ್ಪಲಿಲ್ಲ. ನಡೆದದ್ದನ್ನು ವಿವರಿಸಿದೆ, ಜಗಳವಾಡಿದೆ. ಊರಿನ ಜನ ದುಡ್ಡು ಕೊಟ್ಟು ಆಟೋ ಹತ್ತಿ, ಫ್ರೀ ಬಸ್ಸನ್ನು ಖಾಲಿ ಬಿಟ್ಟರು ಎಂದರೆ ಯಾರು ನಂಬುತ್ತಾರಮ್ಮ ಎಂದು ಮೇಲಿನವರು ನಕ್ಕರು. ಮಳೆಗಾಲ ಮುಗಿಯುವ ಮೊದಲೇ ಟ್ರಿಪ್ಪು ನಿಂತಿತು.

ಅಂಗಡಿ ಖಾಲಿ ಮಾಡುವ ದಿನ ನಾನೂ ಹೋಗಿದ್ದೆ. ಹೊಲಿಗೆ ಮಿಷನ್ನು ಗೂಡ್ಸ್ ಆಟೋಕ್ಕೆ ಏರಿತು. ಡ್ರೈವರ್ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ಜಾಗ. ಅತ್ತೆಯನ್ನು ಅಲ್ಲಿ ಕೂರಿಸಬೇಕೆಂದು ತೋಳು ಹಿಡಿದೆ. ಅಷ್ಟರಲ್ಲಿ ಅವರು ನನ್ನ ಕೈ ಬಿಡಿಸಿಕೊಂಡು, ಹಿಂದಕ್ಕೆ ಹೋಗಿ, ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದರು.

"ನೀನು ಮುಂದೆ ಕೂತ್ಕಳವ್ವ" ಎಂದರು. "ಆಫೀಸಿಗೆ ಹೋಗೋಳು, ಬಟ್ಟೆ ಮಾಸ್ತದೆ."