ಕೊನೆಯ ಸಾಲಿಲ್ಲದ ಹೊಸ ರೆಕಾರ್ಡು

ಹಳೆಯ ಹಾಡುಗಳನ್ನು ಶುದ್ಧ ಮಾಡಿ ಮತ್ತೆ ಹೊರತಂದಿದ್ದೇವೆ ಎಂದು ಯಾವುದಾದರೂ ರೆಕಾರ್ಡಿನ ಕವರಿನ ಮೇಲೆ ಅಚ್ಚಾದದ್ದು ಕಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಶುದ್ಧ ಮಾಡಲು ಅದೇನು ಬಚ್ಚಲೇ? ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ಇದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಓಣಿಯವರಿಗೆಲ್ಲ ನಾನು ಅಕ್ಕೋರು. ಭಾನುವಾರ ಬಂತೆಂದರೆ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ನಾಟಕದ ಹಾಡು ಕೇಳುವವರ ಬೈಠಕ್. ಬೈಠಕ್ ಎಂದರೆ ದೊಡ್ಡದೇನಲ್ಲ, ಮೂರೇ ಜನ. ಮುದ್ದೇಬಿಹಾಳದಿಂದ ಅಡತಿ ಅಂಗಡಿಯ ಸಾವುಕಾರರು ಬರುತ್ತಿದ್ದರು, ಸಿಂದಗಿಯಿಂದ ಟೇಲರ್ ಚಾಚಾ ಬರುತ್ತಿದ್ದರು. ಇಬ್ಬರಿಗೂ ಬಾಗೇವಾಡಿ ನಡುವೆ ಬೀಳುತ್ತಿತ್ತು. ನಮ್ಮ ಯಜಮಾನರಿಗೆ ಹಾಡಿನ ಗೊಡವೆಯೇ ಇರಲಿಲ್ಲ. ಚಹಾ ಕುಡಿಯುವ ತನಕ ಕೂತಿದ್ದು ಎದ್ದು ಹೋಗುತ್ತಿದ್ದರು.

ಹಾಡು ಕೇಳಿದ್ದಕ್ಕಿಂತ ಜಗಳಾಡಿದ್ದೇ ಹೆಚ್ಚು. ಚಾಚಾ ತಮ್ಮ ಕೀಲಿ ಕೊಡುವ ಗ್ರಾಮಫೋನಿಗೆ ಉಕ್ಕಿನ ಪಿನ್ನು ಹಚ್ಚುತ್ತಿರಲಿಲ್ಲ. ಜಾಲಿಮುಳ್ಳನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ ಆ ಜಾಗದಲ್ಲಿ ಸಿಗಿಸುತ್ತಿದ್ದರು.

"ಉಕ್ಕಿನ ಪಿನ್ನ ಪ್ಲೇಟ ತಿಂತೈತ್ರಿ," ಎನ್ನುವುದು ಅವರ ವಾದ.

"ಮುಳ್ಳಿನಾಗ ಮ್ಯಾಲಿನ ಸುರ ಎಲ್ಲಿ ಕೇಳಸ್ತೈತ್ರಿ ಚಾಚಾ? ಬಾಯಾಗ ಅರಬಿ ತುರಕೊಂಡು ಹಾಡಿದಂಗ ಐತಿ," ಎಂದು ಸಾವುಕಾರರು ಟೇಲರಿಗೇ ಅರಬಿಯ, ಅಂದರೆ ಬಟ್ಟೆಯ, ಮಾತಾಡಿ ಕೆಣಕುತ್ತಿದ್ದರು. ಸಾವುಕಾರರ ಮನೆಯಲ್ಲಿ ಕರೆಂಟಿನ ಪ್ಲೇಯರ್ ಇತ್ತು, ಅದರ ಜಂಬ.

ಪ್ಲೇಟು ಎಂದರೆ ಹಳೆಯ ರೆಕಾರ್ಡು. ಚಾಚಾನ ಒಂದು ಪ್ಲೇಟಿನ ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಮೂರು ನಿಮಿಷದ ನಾಟಕದ ಹಾಡು. ನಾಟಕ ಕಂಪನಿಯ ಹೆಸರಾಂತ ನಾಯಕಿ ಉದ್ದಕ್ಕೂ ಹಾಡಿ ಹಾಡಿ, ಕೊನೆಯ ಸಾಲಿಗೆ ಬಂದಾಗ ಸುಮ್ಮನಾಗುತ್ತಾಳೆ. ಆ ಸಾಲನ್ನು ಇನ್ನೊಬ್ಬ ಹುಡುಗಿ ಒಬ್ಬಳೇ ಎತ್ತಿಕೊಳ್ಳುತ್ತಾಳೆ. ಎಳೆಯ ದನಿ, ಆದರೆ ಎಂಥ ಧೈರ್ಯದ ದನಿ! ಪ್ಲೇಟಿನ ಚೀಟಿಯ ಮೇಲೆ ನಾಯಕಿಯ ಹೆಸರು ಮಾತ್ರ ಇತ್ತು. ಆ ಹುಡುಗಿ ಯಾರೆಂದು ಪ್ಲೇಟಿನ ಕಂಪನಿಗೆ ಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಅವಳು ನಮ್ಮ ಓಣಿಯ ಕೊನೆಯ ಮನೆಯ ಆಯಿ. ಈ ಬೈಠಕ್ಕಿನ ದಿನಗಳಲ್ಲಿ ಅವಳಿಗೆ ಅರವತ್ತು ದಾಟಿತ್ತು.

ಆಯಿಗೆ ಒಬ್ಬನೇ ಮಗ, ಇಂಡಿ ಊರಿನ ಬಸ್ಸಿಗೆ ಕಂಡಕ್ಟರ್. ಕೆಟ್ಟವನಲ್ಲ, ತಾಯಿಯನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುತ್ತಿದ್ದ. ಆದರೆ ತಾಯಿ ನಾಟಕ ಕಂಪನಿಯಲ್ಲಿದ್ದಳು ಎನ್ನುವುದೇ ಅವನಿಗೆ ನಾಚಿಕೆ. ಯಾರಾದರೂ ಕೇಳಿದರೆ, "ನಮ್ಮವ್ವ ಅಲ್ಲಿ ಅಡಗಿ ಮಾಡತಿದ್ಲ್ರಿ," ಎಂದುಬಿಡುತ್ತಿದ್ದ. ಅಡಿಗೆ! ಒಮ್ಮೆ ನಾನೇ ಅವನನ್ನು ಕೂಡಿಸಿ ಆ ಪ್ಲೇಟು ಹಚ್ಚಿದೆ. ಕೊನೆಯ ಸಾಲು ಬರುವಷ್ಟರಲ್ಲಿ ಚರಚರ ಸದ್ದೇ ಹೆಚ್ಚಾಗಿ, "ಈ ಶೇಂಗಾ ಹುರಿಯೋ ಸಪ್ಪಳದಾಗ ಯಾರ ದನಿ ಅಂತ ಹೆಂಗ ಗೊತ್ತಾಗಬೇಕ್ರಿ ಅಕ್ಕೋರ?" ಎಂದು ಎದ್ದ. ಆಯಿ ತಲೆ ಬಗ್ಗಿಸಿ ಕೂತಿದ್ದಳು. ಅವಳಿಗೆ ಊರ ಹೊಗಳಿಕೆ ಬೇಕಿರಲಿಲ್ಲ. ನೀನೇ ಹಾಡಿದ್ದು ಎಂದು ಮಗ ಒಮ್ಮೆ ಒಪ್ಪಿದ್ದರೆ ಸಾಕಿತ್ತು.

ಅಷ್ಟರಲ್ಲಿ ಸಾವುಕಾರರು ಸೊಲ್ಲಾಪುರದ ಅಂಗಡಿಯೊಂದರಿಂದ ಸುದ್ದಿ ತಂದರು. ಪ್ಲೇಟಿನ ಕಂಪನಿಯವರು ಹಳೆಯ ನಾಟಕದ ಹಾಡುಗಳನ್ನು ಕೂಡಿಸಿ ಒಂದು ಎಲ್.ಪಿ. ರೆಕಾರ್ಡು ತರುತ್ತಿದ್ದಾರೆ, ಈ ಹಾಡಿನ ಪ್ಲೇಟು ಅವರ ಹತ್ತಿರವೇ ಉಳಿದಿಲ್ಲ, ಯಾರಾದರೂ ಕಳಿಸಿದರೆ ಉಪಯೋಗಿಸಿ ವಾಪಸು ಕೊಡುತ್ತಾರೆ. ಚಾಚಾ ಹಿಂದೆಮುಂದೆ ನೋಡಿದರು. ಅವರ ಬೆನ್ನು ಹತ್ತಿ ಒಪ್ಪಿಸಿದವಳು ನಾನು. ಆಯಿಯಂತೂ, "ಕಳಸ್ರಿ ಅಕ್ಕೋರ. ಸ್ವಚ್ಛ ಆಗಿ ಬಂತಂದ್ರ ಅಂವಗ ತಾನ ತಿಳೀತೈತಿ," ಎಂದಳು. ಹಳೆಯ ಧೋತರದಲ್ಲಿ ಸುತ್ತಿ, ನಡುವೆ ಹತ್ತಿ ಇಟ್ಟು, ಪೆಟ್ಟಿಗೆ ಕಟ್ಟಿ ಸಾವುಕಾರರ ಕೈಯಲ್ಲಿ ಕಳಿಸಿದೆವು.

ಎಂಟು ತಿಂಗಳ ಮೇಲೆ ಎಲ್.ಪಿ. ಬಂತು. ಕವರಿನ ಹಿಂದೆ, ಹಳೆಯ ಪ್ಲೇಟು ಒದಗಿಸಿದ್ದಕ್ಕೆ ಉಪಕಾರ ಸ್ಮರಣೆ ಎಂದು ಸಾವುಕಾರರ ಹೆಸರು! ಚಾಚಾನ ಹೆಸರಿಲ್ಲ. ಆಯಿಯ ಹೆಸರನ್ನು ನಾನು ಪೆಟ್ಟಿಗೆಯ ಜೊತೆ ಇಟ್ಟ ಪತ್ರದಲ್ಲಿ ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದೆ. ಅದೂ ಇಲ್ಲ. ಆಗಲೇ ನನಗೆ ಸಿಟ್ಟು ಬಂದಿತ್ತು, ಆದರೆ ದನಿಯಾದರೂ ಇರುತ್ತದಲ್ಲ ಎಂದು ಸುಮ್ಮನಾದೆ.

ಆ ಭಾನುವಾರ ಸಾವುಕಾರರು ಪ್ಲೇಯರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಬಂದರು. ನಾನು ಕಂಡಕ್ಟರನ ಮನೆಗೆ ಹೋಗಿ, "ರಜಾ ಐತೆಲ್ಲ, ನೀ ಬರಲೇಬೇಕು," ಎಂದು ಕರೆದೆ. ಅವನ ಮಗಳು ನನ್ನ ಶಾಲೆಯಲ್ಲೇ ಓದುತ್ತಿದ್ದಳು, ಅವಳ ಅಕ್ಕೋರಿಗೆ ಇಲ್ಲ ಎನ್ನಲಾಗದೆ ಬಂದ. ಹೆಂಡತಿಯೂ ಬಂದಳು, ಓಣಿಯ ನಾಲ್ಕು ಹೆಣ್ಣುಮಕ್ಕಳೂ ಬಂದರು. ಆಯಿ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು.

ಹಾಡು ಸುರುವಾಯಿತು. ಸುಳ್ಳು ಹೇಳಬಾರದು, ಕನ್ನಡಿಯಂತೆ ಇತ್ತು. ನಾಯಕಿಯ ಉಸಿರೂ ಕೇಳುತ್ತಿತ್ತು. ಸಾವುಕಾರರು ಕಣ್ಣು ಮುಚ್ಚಿ ತಲೆದೂಗಿದರು. ನಾಯಕಿ ತನ್ನ ಕೊನೆಯ ತಾನ ಮುಗಿಸಿದಳು. ಆಯಿ ಮಗನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿಗೆ ಸದ್ದು ಮೆಲ್ಲಗೆ ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಕ್ಷಣ ಬಿಟ್ಟು ಬೇರೆ ಯಾವುದೋ ಹಾಡು ಸುರುವಾಯಿತು.

"ಇನ್ನೊಮ್ಮಿ ಹಚ್ಚ್ರಿ," ಎಂದಳು ಆಯಿ. ಹಚ್ಚಿದೆವು. ಮೂರು ಸಲ ಹಚ್ಚಿದೆವು. ಮೂರೂ ಸಲ ಅಲ್ಲಿಗೇ ಮುಗಿಯಿತು.

"ಎಲ್ಲೈತಿಬೇ ನಿನ್ನ ದನಿ?" ಎಂದ ಮಗ. ಕುಹಕದಿಂದ ಕೇಳಲಿಲ್ಲ, ನಿಜವಾಗಿಯೇ ಕೇಳಿದ. ಅದೇ ಹೆಚ್ಚು ಸಂಕಟವಾಯಿತು. ಚಪ್ಪಲಿ ಮೆಟ್ಟಿ ಹೊರಟ.

ಸಾವುಕಾರರು ಗಂಟಲು ಸರಿಮಾಡಿಕೊಂಡು, "ಒಂದ ಸಾಲ ಹೋದ್ರ ಹೋಗ್ಲಿ ಬಿಡ್ರಿ, ಆದ್ರ ಸೌಂಡ ನೋಡ್ರಿ," ಎಂದರು. ಆ ಮನುಷ್ಯನ ಮೇಲೆ ನಾನು ಹರಿಹಾಯ್ದದ್ದು ಓಣಿಗೆಲ್ಲ ಕೇಳಿತು. ಕಿವಿ ತೊಳೆದುಕೊಂಡು ಎದೆ ಹೊರಗಿಟ್ಟು ಬಂದವರ ಜೊತೆ ಹಾಡು ಕೇಳುವುದಿಲ್ಲ ಎಂದೆ. ಇವತ್ತು ನೆನೆದರೂ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನಿಸುವುದಿಲ್ಲ.

ಕಂಪನಿಗೆ ಮೂರು ಪುಟ ಬರೆದೆ. ಯಾರ ಅಪ್ಪಣೆ ಕೇಳಿ ಕತ್ತರಿಸಿದಿರಿ, ಕಾಗದದ ಚೂರೇ ಅದು, ಪ್ಲೇಟು ಎಲ್ಲಿ ಎಂದು ನನಗೆ ಬಂದ ಇಂಗ್ಲಿಷೆಲ್ಲ ಸುರಿದೆ. ಎರಡು ತಿಂಗಳಿಗೆ ಉತ್ತರ ಬಂತು. ಪ್ಲೇಟು ನಮ್ಮಲ್ಲಿ ಒಡೆದಿದೆ, ವಿಷಾದಿಸುತ್ತೇವೆ, ಎಂದು ಒಂದೇ ಸಾಲು. ಚಾಚಾನ ಪ್ಲೇಟಿಗೆ ಒಂದು ಸಾಲು! ಅದರ ಕೆಳಗೆ ಇನ್ನೊಂದು ಮಾತಿತ್ತು. ಹಾಡಿನ ಉಳಿದ ಭಾಗ ಚೆನ್ನಾಗಿತ್ತು, ಕೊನೆಗೆ ನೀವು ಹೆಸರು ಬರೆದ ಸಹಗಾಯಕಿ ಒಬ್ಬಳೇ ಹಾಡುವ ಭಾಗದ ಮೇಲೆ ಮಾತ್ರ ಸೂಜಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ, ಗೆರೆ ಸವೆದುಹೋಗಿದೆ, ಆದ್ದರಿಂದ ಬಿಟ್ಟೆವು.

ಸೂಜಿ ಓಡಿಸಿದವಳು ನಾನು. ಪ್ಲೇಟು, ಗ್ರಾಮಫೋನು ಎರಡನ್ನೂ ಚಾಚಾ ವಾರವೆಲ್ಲ ನಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಶಾಲೆ ಬಿಟ್ಟು ಬಂದು, ಮುಳ್ಳು ಕತ್ತರಿಸುವ ತಾಳ್ಮೆಯಿಲ್ಲದೆ ಉಕ್ಕಿನ ಪಿನ್ನು ಹಚ್ಚಿ, ಕೈಯಿಂದ ಗ್ರಾಮಫೋನಿನ ತೋಳು ಎತ್ತಿ ಎತ್ತಿ ಆ ಒಂದು ಸಾಲನ್ನೇ ಕೇಳುತ್ತಿದ್ದೆ. ಚಾಚಾಗೆ ಹೇಳಿರಲಿಲ್ಲ. ಕತ್ತರಿ ಹಾಕಿದವರು ಕಂಪನಿಯವರು, ಖರೆ. ಕತ್ತರಿಗೆ ಜಾಗ ಮಾಡಿಕೊಟ್ಟವಳು ನಾನು.

ಆಯಿಯ ಮನೆಗೆ ಹೋಗಿ ಎಲ್ಲ ಹೇಳಿದೆ, ಪತ್ರವನ್ನು ಕನ್ನಡದಲ್ಲಿ ಓದಿದೆ. ಬೈಯಲಿ ಎಂದು ಕಾದೆ. ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಷ್ಟ ಸಲ ಕೇಳೀರೇನ್ರಿ?" ಎಂದಳು.

ಮಗ ಡ್ಯೂಟಿ ಮುಗಿಸಿ ಬರುವ ತನಕ ನನ್ನನ್ನು ಕೂಡಿಸಿಕೊಂಡಳು. ಅವನು ಬಂದ ಕೂಡಲೇ ಪತ್ರವನ್ನು ಇನ್ನೊಮ್ಮೆ ಓದಿಸಿದಳು. ಸಹಗಾಯಕಿ ಎನ್ನುವಲ್ಲಿ ಕೈ ಎತ್ತಿ ನಿಲ್ಲಿಸಿ, ಮತ್ತೆ ಓದಿಸಿದಳು. ಅವನು ಪತ್ರ ಇಸಿದುಕೊಂಡು, ಕಂಪನಿಯ ಮುದ್ರೆಯ ಮೇಲೆ ಬೆರಳಾಡಿಸಿದ.

"ಕಂಪನಿಯವ್ರ ಬರದಾರಂದ್ರ ಖರೇನ ಇರಬೇಕ ಬಿಡ್ರಿ," ಎಂದ.

ಹೆತ್ತ ತಾಯಿ ಇಷ್ಟು ವರ್ಷ ಬಾಯಿಬಿಟ್ಟು ಹೇಳಿದ್ದನ್ನು ನಂಬದವನು, ಅವಳ ದನಿಯನ್ನು ಕತ್ತರಿಸಿ ಎಸೆದವರ ಮುದ್ರೆಯನ್ನು ನಂಬಿದ! ನಾನು ಬಾಯಿ ತೆರೆದೆ. ಆಯಿ ನನ್ನ ಮೊಣಕೈ ಹಿಡಿದು ಒತ್ತಿದಳು. ಸುಮ್ಮನಿರ್ರಿ ಎಂದು ಕಣ್ಣಿನಲ್ಲೇ ಬೇಡಿಕೊಂಡಳು.