ಈರಪ್ಪ ‘ಇಲ್ರಿ’ ಅಂದುಬಿಟ್ಟ

ಗೆಳೆಯರೇ, ಇವತ್ತು ಇಳಕಲ್ಲಿನ ನಮ್ಮ ಮಗ್ಗದ ಮನೆಯಲ್ಲಿ ನೇಕಾರ ಈರಪ್ಪ ‘ಇಲ್ರಿ’ ಅಂದುಬಿಟ್ಟ.

ನಮ್ಮ ಸಾವುಕಾರರು ದಿನಾ ಬೆಳಿಗ್ಗೆ ಬಂದವರೇ, “ಎಲ್ಲಾರೂ ಆರಾಮ ಏನ್ರಪಾ?” ಎಂದು ಕೇಳುತ್ತಾರೆ. ನೇಯುತ್ತಿರುವ ಸೀರೆಯಿಂದ ಕಣ್ಣೆತ್ತದೆ ನಾವು “ಆರಾಮ್ರಿ” ಅನ್ನುತ್ತೇವೆ. ಮುಂಬೈ ರಾಜ್ಯದಲ್ಲಿದ್ದ ಊರು ಮೈಸೂರು ರಾಜ್ಯಕ್ಕೆ ಸೇರಿದರೂ ಈ ಪ್ರಶ್ನೋತ್ತರ ಮಾತ್ರ ಬದಲಾಗಿರಲಿಲ್ಲ.

ಇವತ್ತು ಈರಪ್ಪನ ‘ಇಲ್ರಿ’ ಕೇಳಿ ಮಗ್ಗಗಳೆಲ್ಲ ನಿಂತವು.

“ಜ್ವರ ಬಂದಾವೇನೋ?” ಸಾವುಕಾರರು ಗಾಬರಿಯಾದರು.

“ಇಲ್ರಿ.”

“ಹೊಟ್ಟಿ ಕೆಟ್ಟೈತೇನು?”

“ಹೊಟ್ಟಿ ಛಲೋ ಐತ್ರಿ. ಮನಸಿಗೆ ಆರಾಮಿಲ್ಲ. ಹೇಣ್ತಿ ಸತ್ತಾಗಿಂದ ನಿದ್ದಿ ಹತ್ತವಲ್ದು. ಮನಿಗೆ ಹೋಗಾಕ ಕಾಲ ಏಳವಲ್ವು.”

ಸಾವುಕಾರರಿಗೆ ಸಿಟ್ಟೇ ಬಂತು. “ದಿನಾ ಕೇಳತಿದ್ನಲ್ಲೋ! ಹೇಳಬಾರದೇನು?”

“ನೀವು ಕೇಳಿ ಮುಂದ ಹೋಗತಿದ್ರಿ, ಯಪ್ಪಾ.”

ಸಾವುಕಾರರು ಬಿಳಿ ಧೋತರ ಮೇಲೆತ್ತಿಕೊಂಡು, ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು, ಈರಪ್ಪನ ಪಕ್ಕದಲ್ಲೇ ಕುಳಿತುಬಿಟ್ಟರು. ಅವನು ಹೆಂಡತಿಯ ಸುದ್ದಿ ಹೇಳುತ್ತಲೇ ಹೋದ, ಅವರು ಹೂಂಗುಟ್ಟುತ್ತಲೇ ಹೋದರು. ತರಿಸಿದ ಚಹಾ ಇಬ್ಬರ ಮುಂದೆಯೂ ಆರಿಹೋಯಿತು.

ಕೊನೆಗೆ ಎದ್ದು ಕೇಳಿದರು: “ಈಗರೆ ಆರಾಮೇನೋ?”

“ಇನ್ನೂ ಇಲ್ರಿ. ನಾಳೆ ಕೇಳ್ರಿ.”

“ಕೇಳತೇನಿ. ಇವತ್ತ ಊಟಕ್ಕ ನಮ್ಮನಿಗೆ ಬಾ.”

ಈಗ ಪೇಚಾಟ ನಮ್ಮದು. ನಾಳೆ ಸಾವುಕಾರರು ಒಬ್ಬೊಬ್ಬರ ಮುಂದೆಯೂ ನಿಂತು ಕೇಳಿದರೆ ಏನು ಹೇಳುವುದೆಂದು ಇಡೀ ಮಗ್ಗದ ಮನೆಯೇ ಯೋಚನೆಗೆ ಬಿದ್ದಿದೆ.