ಟ್ಯಾಂಕಿನ ಟೋಪಿಗೊಂದು ಕಾಜ

ಮೈಗೆ ಹೊಂದದ ಬಟ್ಟೆ ಕಂಡರೆ ಟೈಲರಣ್ಣನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಬರಿಮೈಯಲ್ಲಿರುವುದನ್ನಂತೂ ಅವನು ಸಹಿಸುತ್ತಲೇ ಇರಲಿಲ್ಲ. ಅಂಗಡಿಯ ರೇಡಿಯೋಗೆ ಅಂಗಿ, ನೀರಿನ ಬಾಟಲಿಗೆ ಅಂಗಿ, ಅಳತೆಯ ಟೇಪಿಗೂ ಒಂದು ಚೀಲ. ಹೀಗಿರುವಾಗ ಮಾವ ಓಡಿಸುತ್ತಿದ್ದ ಹಳೆಯ ಮೋಟರ್‌ಸೈಕಲ್ ಅವನ ಕೈಗೆ ಬಂದರೆ ಸುಮ್ಮನೆ ಬಿಡುತ್ತಾನೆಯೇ? ಪೆಟ್ರೋಲ್ ಟ್ಯಾಂಕಿಗೆ ಕೆಂಪು ರೆಕ್ಸಿನ್ನಿನ ಅಂಗಿ ಹೊಲಿದ. ಟ್ಯಾಂಕಿನ ಮುಚ್ಚಳಕ್ಕೆ ಬೇರೆಯೇ ಟೋಪಿ, ಅಂಚಿಗೆ ಬಿಗಿಯಾದ ಎಲಾಸ್ಟಿಕ್. ಒಂದು ಸುಕ್ಕಿಲ್ಲ, ಒಂದು ಸಂದಿಲ್ಲ. ಟೋಪಿಯ ಮೇಲೆ ಬೆರಳಿನಿಂದ ಟಪ್ಪೆಂದು ಬಡಿದು, "ಸೊಳ್ಳೆ ಮೂತೀನೂ ತೂರಲ್ಲ" ಎಂದು ಬೀಗಿದ.

ಅದೇ ವಾರ ಗಾಡಿ ಮುನಿಸಿಕೊಂಡಿತು.

ಹೊರಡುವಾಗ ಚೆನ್ನಾಗಿಯೇ ಹೊರಡುತ್ತಿತ್ತು. ಮಾರುಕಟ್ಟೆ ದಾಟಿ ಸೇತುವೆಯ ಹತ್ತಿರ ಬಂದರೆ ಸಾಕು, ಬಿಕ್ಕಿ, ಕೆಮ್ಮಿ, ಸುಮ್ಮನಾಗಿಬಿಡುತ್ತಿತ್ತು. ಅವನು ಇಳಿದು, ಟೋಪಿ ಕಳಚಿ, ಮುಚ್ಚಳ ತೆರೆದು ಒಳಗೆ ಇಣುಕುತ್ತಿದ್ದ. ಪೆಟ್ರೋಲ್ ಬೇಕಾದಷ್ಟು ಇರುತ್ತಿತ್ತು. ಮತ್ತೆ ಮುಚ್ಚಿ, ಟೋಪಿ ತೊಡಿಸಿ ಒದ್ದರೆ ಒಂದೇ ಏಟಿಗೆ ಸ್ಟಾರ್ಟ್!

"ಮುಖ ನೋಡಿ ಮಾತಾಡಿಸಿದ್ರೆ ಸಾಕು ಕಣೇ ಇದಕ್ಕೆ," ಎಂದು ಹೆಂಡತಿಗೆ ಹೇಳಿದ.

"ನನ್ನ ಮುಖ ನೋಡಿ ಮಾತಾಡಿಸಿ ಎಷ್ಟು ದಿನ ಆಯ್ತು?" ಅವಳು ದಾರವನ್ನು ಹಲ್ಲಲ್ಲಿ ಕಡಿದಳು. ಅಂಗಡಿಯಲ್ಲಿ ಗುಂಡಿ ಕೂರಿಸುವುದು, ಗುಂಡಿ ತೂರುವ ಸೀಳು ಕತ್ತರಿಸಿ ಕಾಜ ಹಾಕುವುದು ಅವಳ ಪಾಲಿನ ಕೆಲಸ.

ಮೆಕ್ಯಾನಿಕ್ ಮೂರು ಸಲ ಕಾರ್ಬುರೇಟರ್ ಬಿಚ್ಚಿದ. ಜೆಟ್ಟಿನ ತೂತಿಗೆ ಗಾಳಿ ಊದಿದ, ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಪೆಟ್ರೋಲ್ ಪೈಪನ್ನೇ ಬದಲಿಸಿದ. ಪ್ರತಿಸಲವೂ ಮೊದಲು ಟ್ಯಾಂಕಿನ ಅಂಗಿ, ಟೋಪಿ ಕಳಚಿ ಮೊಳೆಗೆ ನೇತುಹಾಕುತ್ತಿದ್ದ. ಕೊನೆಗೆ ಬರಿಮೈಯ ಗಾಡಿಯಲ್ಲಿ ಊರೆಲ್ಲ ಸುತ್ತಿ ಬರುತ್ತಿದ್ದ. ಒಮ್ಮೆಯೂ ನಿಲ್ಲಲಿಲ್ಲ.

"ಟೈಲರಣ್ಣ, ನನ್ ಕೈಲಿ ಕುದುರೆ ಥರ ಓಡತ್ತೆ, ನೀವು ಹತ್ತಿದ್ರೆ ಮೊಂಡು ಹಿಡಿಯತ್ತೆ. ನಿಮ್ಮನ್ನೇ ಒಂದ್ಸಲ ಬಿಚ್ಚಿ ಕ್ಲೀನ್ ಮಾಡ್ಲಾ?"

ಟೈಲರಣ್ಣನಿಗೆ ನಗು ಬರಲಿಲ್ಲ. ಸೇತುವೆಯ ಮೇಲೆ, ಬೆನ್ನ ಹಿಂದೆ ಬಸ್ಸು ಬೊಬ್ಬೆ ಹೊಡೆಯುತ್ತಿರುವಾಗ ಇಳಿದು ನಿಂತು ಹೆಂಡತಿಗೆ ಸಾಕಾಗಿಹೋಗಿತ್ತು. "ನಮ್ಮಪ್ಪನ ಗಾಡಿಯಾದ್ರೂ ಸರಿ. ಇನ್ನೊಂದ್ಸಲ ನನ್ನ ನಡುರಸ್ತೇಲಿ ಇಳಿಸಿದ್ರೆ ಗುಜರಿಗೇ," ಎಂದಿದ್ದಳು. ಗುಜರಿಯವನು ಆಗಲೇ ಬಂದು ಚಕ್ರ ಒತ್ತಿ ನೋಡಿಕೊಂಡು ಹೋಗಿದ್ದ. ದಿನವಿಡೀ ಬಾಗಿದ ಟೈಲರಣ್ಣನ ಬೆನ್ನು ನೆಟ್ಟಗಾಗುತ್ತಿದ್ದುದು ಆ ಗಾಡಿಯ ಮೇಲೆ ಮಾತ್ರ.

ವಾದ್ಯದವರ ಕೋಟುಗಳನ್ನು ತಲುಪಿಸಲು ಇಬ್ಬರೂ ಹೊರಟರು. ಗಂಟು ಅವಳ ಮಡಿಲಲ್ಲಿತ್ತು. ಮಾರುಕಟ್ಟೆ ದಾಟಿತು. ಸೇತುವೆ ಬಂತು. ಗಾಡಿ ಬಿಕ್ಕಿತು, ಕೆಮ್ಮಿತು, ನಿಂತಿತು.

ಅವನು ಹಿಂದೆ ತಿರುಗಲಿಲ್ಲ. ಮೆಲ್ಲಗೆ ಟೋಪಿಯತ್ತ ಕೈ ಚಾಚಿದ.

"ತಡೀರಿ," ಎಂದಳು ಅವಳು, ಇಳಿದು. "ಈ ಟೋಪಿಗೆ ಗುಳಿ ಯಾಕೆ ಬಿದ್ದಿದೆ?"

"ನನ್ ಹೊಲಿಗೇಲಿ ಗುಳಿ ಬೀಳಲ್ಲ."

ಆದರೆ ಬಿದ್ದಿತ್ತು. ಒಳಕ್ಕೆ ಎಳೆದುಕೊಂಡ ಕೆನ್ನೆಯಂತೆ ರೆಕ್ಸಿನ್ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಅವಳು ಅಂಚು ಎತ್ತಿದಳು. ಸ್ಸ್ಸ್ ಎಂದು ಗಾಳಿ ಒಳಗೆ ಹೋಯಿತು, ಗುಳಿ ಮಾಯ. ಕೆಳಗಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಪುಟ್ಟ ತೂತೊಂದು ಕಂಡಿತು.

"ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತೀವಿ? ಮೇಲಿಂದ ಗಾಳಿ ಹೋಗ್ದೆ ಎಣ್ಣೆ ಇಳಿಯತ್ತಾ? ಪೆಟ್ರೋಲೂ ಅಷ್ಟೇ ಅಲ್ವೇನ್ರೀ? ಪಾಪ, ಅದರ ಮೂಗಿಗೇ ಹೊಲಿಗೆ ಹಾಕಿದ್ದೀರಲ್ಲ!"

ಟೈಲರಣ್ಣನ ಮುಖ ಟೋಪಿಯ ಬಣ್ಣಕ್ಕೆ ತಿರುಗಿತು. "ಮೆಕ್ಯಾನಿಕ್‌ಗೆ ಹೇಳ್ಬೇಡ ಮಾರಾಯ್ತಿ."

"ಮೊದಲು ಅವನಿಗೇ ಹೇಳೋದು. ಈಗ ಟೋಪಿ ತೆಗೆದು ಜೇಬಿಗೆ ಹಾಕ್ಕೊಳ್ಳಿ."

"ಬೋಳುತಲೇಲಿ ಓಡಿಸ್ಲಾ?"

"ಹಾಗಾದ್ರೆ ಕೊಡಿ ಇಲ್ಲಿ." ಕೈಚೀಲದಿಂದ ಪುಟ್ಟ ಕತ್ತರಿ ಹೊರಬಂತು. ಮಗುವಿಗೆ ಸೂಜಿ ಚುಚ್ಚಿಸುವ ತಂದೆಯಂತೆ ಟೈಲರಣ್ಣ ಮುಖವನ್ನು ನದಿಯ ಕಡೆಗೆ ತಿರುಗಿಸಿಕೊಂಡ. ಚಕ್ಕೆಂದು ಸದ್ದಾಯಿತು.

ಆಮೇಲೆ ಗಾಡಿ ನಿಲ್ಲಲಿಲ್ಲ. ಸೇತುವೆ ಹಿಂದೆ ಸರಿಯಿತು, ನದಿಯ ಗಾಳಿ ಇಬ್ಬರ ಕಿವಿಯಲ್ಲೂ ತುಂಬಿತು.

"ಈಗ ನಿಂತಿದ್ದು ಲೆಕ್ಕಕ್ಕೆ ಬಂತಾ?" ಎಂದು ಅವನು ಮುಂದೆ ನೋಡುತ್ತಲೇ ಕೇಳಿದ.

"ರಸ್ತೆ ನೋಡ್ಕೊಂಡು ಓಡಿಸಿ."

ಮರುದಿನ ಗುಜರಿಯವನು ಬಾಗಿಲಿಗೆ ಬಂದ. "ಏನಕ್ಕಾ, ತಗೊಂಡು ಹೋಗ್ಲಾ?"

ಅವಳು ತಲೆ ಎತ್ತಲಿಲ್ಲ. ಮಡಿಲಲ್ಲಿ ಕೆಂಪು ಟೋಪಿ. ಸೀಳಿನ ಸುತ್ತ ಒಂದರ ಪಕ್ಕ ಒಂದು ಒತ್ತಾದ ಹೊಲಿಗೆ. "ಗುಜರಿಗೆ ಹೋಗೋ ಗಾಡಿಗೆ ಯಾರಾದ್ರೂ ರೇಷ್ಮೆ ದಾರದಲ್ಲಿ ಕಾಜ ಹಾಕ್ತಾರೇನಪ್ಪಾ?"

ಒಳಗೆ ಟೈಲರಣ್ಣ, ಬಟ್ಟೆಯೇ ಇಡದ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗಿದ.